ಗೌರ್ಲೆ ಗುಂಡಿ

ಸ್ಕಾಟ್ಲೆಂಡಿನ ಕಡಲೂರು. ಬೇಕರಿಯ ಸಾಲಿನಲ್ಲಿ ಮುದುಕ ವಾಟಿ ಗೌರ್ಲೆ, ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವ ಇನ್ನೆಸ್‌ನನ್ನು ಹಿಡಿದು ನಿಲ್ಲಿಸಿಕೊಂಡಿದ್ದ.

“ಏಳನೇ ಕುಳಿ ಹತ್ರದ ಮರಳುಗುಂಡಿ ಮುಚ್ತೀರಂತೆ?”

“ಕುಳೀನೇ ಸಮುದ್ರದ ಕಡೆ ಸರಿಸ್ತಿದೀವಿ, ವಾಟಿಯಣ್ಣ. ಅಲ್ಲೊಂದು ಹೊಸ ಗುಂಡಿ ತೋಡಿದೀವಿ.”

“ಅದು ನಮ್ಮಪ್ಪನ ಗುಂಡಿ ಕಣೋ!”

“ಅದರಲ್ಲಿ ಬಿದ್ದ ಚೆಂಡು ಆಚೆ ತರೋಕೆ ನಿಮ್ಮಪ್ಪ ಹದಿನಾಲ್ಕು ಹೊಡೆತ ತಗೊಂಡ್ರು ಅಂತ ತಾನೆ ‘ಗೌರ್ಲೆ ಗುಂಡಿ’ ಅಂದಿದ್ದು? ಇನ್ನು ಊರವರು ನಗೋದು ತಪ್ತು ಬಿಡಿ.”

“ಅರವತ್ತು ವರ್ಷ ನಕ್ಕರು, ನಿಜ. ಆದ್ರೆ ಅಪ್ಪನ ಹೆಸರು ಹೇಳಿ ತಾನೆ ನಕ್ಕಿದ್ದು! ಹೊಸದಕ್ಕೆ ಯಾರ ಹೆಸರು?”

“ಯಾರು ಮೊದಲು ಅದರಲ್ಲಿ ಚೆಂಡು ಬೀಳಿಸ್ಕೊಂಡು ಒದ್ದಾಡ್ತಾರೋ ಅವರದ್ದು. ಶನಿವಾರ ಅಲ್ಲಿ ಆಟ ಶುರು.”

ವಾಟಿ ಬಿಸಿ ಮಟನ್ ಪೈ ತೆಗೆದುಕೊಂಡು ಬಾಗಿಲಿಗೆ ನಡೆದ.

“ಶನಿವಾರದ ಮೊದಲನೇ ಆಟ ನನಗೇ ಬರ್ಕೋ. ಹದಿನೈದು ಹೊಡೆತಕ್ಕೆ ಮುಂಚೆ ನಾನಂತೂ ಆ ಹೊಸ ಗುಂಡಿಯಿಂದ ಆಚೆ ಬರಲ್ಲ.”