ಹಲ್ಲು ಕಾಣುವ ಪಟ

ಯುದ್ಧದ ಕಾಲ. ಮದ್ದೂರು ಸ್ಟೇಷನ್ನಿನಲ್ಲಿ ಮೈಸೂರಿನ ರೈಲಿಗೆ ಕಾಯುತ್ತಿದ್ದೆ. ನನ್ನ ಬೆಂಚಿನಲ್ಲೇ ಹೆಂಡತಿಯೊಂದಿಗೆ ಕೂತಿದ್ದ ಮುದುಕನಿಗೆ ಫೋಟೋಗ್ರಾಫರ್ ಪೀರ್ ಪಾಷಾ ಅವನ ಪಟ ತಂದುಕೊಟ್ಟ. ಮುದುಕ ಕೆಂಡವಾದ.

“ಏನ್ ಸಾಬ್ರೇ ಇದು? ಹಲ್ ಕಿರ್ಕೊಂಡಿವ್ನಿ! ನಾನ್ ಸತ್ತ ಮ್ಯಾಲೆ ಇದ್ಕೆ ಹಾರ ಆಕ್ತಾರಾ?”

“ಉಸಿರು ಬಿಗಿಹಿಡಿದು ಕೂತಾಗ ಗೊಂಬೆ ಥರಾ ಇದ್ರಿ, ಗೌಡ್ರೇ. ನಕ್ಕಾಗ ಮುಖಕ್ಕೆ ಜೀವ ಬಂತು, ತೆಗೆದೆ.”

“ತೆಗಿ ಅಂತ ನಾನ್ ಏಳಿದ್ನಾ? ಇನ್ನರ್ಧ ಮೊಕ ಎಲ್ಲಿ?”

“ನೆರಳಲ್ಲಿದೆ. ಕಿಟಕಿ ಬೆಳಕು ಬಿದ್ದದ್ದೇ ಹಂಗೆ.”

“ನಿಮ್ ನೆರಳ್ಗೆ ಬೆಂಕಿ ಆಕ! ನೆಟ್ಟಗೆ ಇನ್ನೊಂದ್ ತೆಗೀರಿ.”

“ಫಿಲ್ಮೇ ಬರ್ತಿಲ್ಲ. ಯುದ್ಧ ಮುಗೀಲಿ.”

ಹೆಂಡತಿ ಪಟ ಕಿತ್ತುಕೊಂಡು ನೋಡಿದಳು.

“ಯಾರ್ನ ನೋಡಿ ಹಿಂಗ್ ನಕ್ಕಿದ್ದು?”

“ನಮ್ ಕೆಂದೆತ್ತು ಸಾಬ್ರ ಅಂಗ್ಡಿ ಬಾಗ್ಲಿಂದ ಇಣುಕ್ತು ಕಣಮ್ಮಿ.”

“ಎತ್ತಾ! ಮೂವತ್ತು ವರ್ಸ ನಿನ್ನೆದುರ್ಗೇ ಓಡಾಡಿವ್ನಿ. ನನ್ ನೋಡಿ ಒಂದ್ ದಿನಾನಾದ್ರೂ ಹಿಂಗ್ ನಕ್ಕಿದ್ಯಾ?”

ರೈಲು ಬಂತು. ಅವಳು ಪಟವನ್ನು ಮಡಿಲಿಗೆ ಸೇರಿಸಿಕೊಂಡು ಮುಂದೆ ನಡೆದಳು.

“ಕೊಡಮ್ಮಿ ಇಲ್ಲಿ, ಹರ್ದ್ ಬಿಸಾಕ್ತೀನಿ!”

“ಮುಟ್ಟಿದ್ರೆ ನೋಡು! ನೀನ್ ಸತ್ತ ಮ್ಯಾಲಾದ್ರೂ ನನ್ ನೋಡಿ ನಗು.”