ಮಂಗಳವಾರದ ಬಾಗಿಲು

ಸಭೆಯ ಅಧ್ಯಕ್ಷರೇ, ಸುವಾಮೆ ಪೇಟೆಯ ವಾಹನ ಬಿಡಿಭಾಗ ವ್ಯಾಪಾರಿಗಳ ಸಂಘದ ಹಿರಿಯರೇ, ಕೈಯ ಗ್ರೀಸನ್ನೂ ತೊಳೆಯದೆ ಓಡಿಬಂದ ಸಭಿಕರೇ, ಮತ್ತು ನಾಳೆ ಬೆಳಗ್ಗೆ ಕುಮಾಸಿ ಬಿಟ್ಟು ತಕೋರಾಡಿಯ ತಂಗಿಯ ಮನೆಗೆ ಹೊರಟಿರುವ ಅಫುವಾ ಟಾಚಿವಾ ಅವರೇ,

ಕಾರ್ಯದರ್ಶಿಯಾದ ನನಗೆ ಬೀಳ್ಕೊಡುಗೆಯ ನಾಲ್ಕು ಮಾತು ಆಡಲು ಅಪ್ಪಣೆಯಾಗಿದೆ. ಇಪ್ಪತ್ತಾರು ವರ್ಷ ಅವರು ಬೇರಿಂಗ್ ಮಾರಿದರು, ಎದುರು ಸಾಲಿನಲ್ಲಿ ನಾನು ರೇಡಿಯೇಟರ್ ಮಾರಿದೆ. ಮಾತಾಡಿದ್ದೆಷ್ಟು? ಕಳೆದ ವರ್ಷದವರೆಗೆ "ಚಿಲ್ಲರೆ ಇದೆಯೇ" ಎಂಬುದಕ್ಕಿಂತ ಹೆಚ್ಚಿಲ್ಲ.

ಕಳೆದ ವರ್ಷ ಸಂಘದ ಹಳೆಯ ಕಂಪ್ಯೂಟರಿಗೆ ಒಂದು ಪುಟ್ಟ ವೆಬ್ ಸರ್ವರ್ ಹಾಕಿದೆವು. ಬಡಕಲು ಯಂತ್ರ, ದೊಡ್ಡದನ್ನು ಹೊರಲಾರದು. ಈ ಸರ್ವರ್ ಕಾವಲುಗಾರನಿದ್ದಂತೆ. ಬಂದ ಗಿರಾಕಿಯನ್ನು ಯಾವ ಅಂಗಡಿಯ ಆ್ಯಪಿಗೆ ಕಳಿಸಬೇಕೆಂದು ಒಂದು ಕಡತ ನೋಡಿ ತಿಳಿಯುತ್ತದೆ. ಪ್ರತಿ ಆ್ಯಪಿಗೂ ಒಂದು ಬಾಗಿಲ ಸಂಖ್ಯೆ. ಆ ಕಡತ ಬರೆದವನು ನಾನೇ. ಅಂಗಡಿ ಏಳು, ವಾರವೂ ಏಳು. ನಾವೆಲ್ಲ ಹುಟ್ಟಿದ ವಾರದ ಹೆಸರು ಹೊತ್ತವರು. ಆ ವಾರದ ಸಂಖ್ಯೆಯನ್ನೇ ಬಾಗಿಲಿಗೂ ಕೊಟ್ಟೆ. ಎಂಥ ಜಾಣತನ! ಗಂಡಸರ ಪಟ್ಟಿ ಬೇರೆ, ಹೆಂಗಸರ ಪಟ್ಟಿ ಬೇರೆ ಬರೆದಿದ್ದೆ. ಕೋಫಿ ಎಂಬ ನಾನೂ ಅಫುವಾ ಎಂಬ ಅವರೂ ಶುಕ್ರವಾರದವರೇ ಎಂಬುದು ಹೊಳೆಯಲಿಲ್ಲ.

ಒಂದು ಬಾಗಿಲಲ್ಲಿ ಎರಡು ಆ್ಯಪ್ ಕೂರುವುದಿಲ್ಲ. ಅವರದು ಎದ್ದರೆ ನನ್ನದು ಏಳದು. ಮಧ್ಯಾಹ್ನದವರೆಗೆ ಬೇರಿಂಗ್, ಆಮೇಲೆ ರೇಡಿಯೇಟರ್ ಎಂದಾಯಿತು. ದಿನಾ ಹನ್ನೆರಡಕ್ಕೆ ಇಬ್ಬರೂ ಸಂಘದ ಕೋಣೆಗೆ ಬಂದು ಅವರು ನಿಲ್ಲಿಸಬೇಕು, ನಾನು ಎಬ್ಬಿಸಬೇಕು.

"ನನ್ ಬೇರಿಂಗ್ ಈಗಷ್ಟೇ ಉರುಳ್ತಿತ್ತು, ಬಂದ್ರಲ್ಲಪ್ಪಾ ಸೆಕ್ರೆಟ್ರಿ ಸಾಹೇಬ್ರು ಬ್ರೇಕ್ ಹಾಕೋಕೆ!"

"ನಾನೂ ಹೊಟ್ಟೆ ಹೊರೀಬೇಕಲ್ಲ ತಾಯೀ."

"ಹೊಟ್ಟೆ ಚಿಂತೆ ಬಿಡಿ, ಕೂತ್ಕೊಂಡು ಕೆಂಕೆ ಮುದ್ದೆ ತಿನ್ನಿ. ಮೀನಿನ ತಲೆ ಮಾತ್ರ ಮುಟ್ಬೇಡಿ, ಅದು ನಂದು."

ಹೆಂಡತಿ ತೀರಿಕೊಂಡ ಮೇಲೆ ನಿಂತೇ ಊಟ ಮುಗಿಸುತ್ತಿದ್ದವನು ನಾನು. ಹತ್ತು ತಿಂಗಳಲ್ಲಿ ಇನ್ನೂರ ಐವತ್ತೆಂಟು ಮಧ್ಯಾಹ್ನ ಕೂತು ಉಂಡೆ. ಎಣಿಸಿದ್ದೇಕೆಂದು ಕೇಳಬೇಡಿ.

ಹೋದ ತಿಂಗಳು ಅವರೇ ಕಡತ ತೆರೆದು ನೋಡಿದರು. "ಅಯ್ಯೋ, ಮಂಗಳವಾರದ ಬಾಗಿಲು ಖಾಲಿ ಬಿದ್ದಿದೆಯಲ್ರೀ! ಆ ವಾರ ಹುಟ್ಟಿದೋರು ನಮ್ಮಲ್ಲಿ ಯಾರೂ ಇಲ್ಲ. ನಿಮಗೆ ಗೊತ್ತಿರ್ಲಿಲ್ವಾ?"

ಇಲ್ಲ ಎಂದೆ. ಕಡತದಲ್ಲೂ ಆ್ಯಪಿನಲ್ಲೂ ಅಂಕಿ ಬದಲಿಸಿದರು, ಎರಡೂ ಆ್ಯಪ್ ಎದ್ದವು. ಮರುದಿನ ಹನ್ನೆರಡಕ್ಕೆ ಅವರು ಬರಲಿಲ್ಲ. ಬರಲು ಕೆಲಸವೇನಿತ್ತು? ನಾನು ಹೋಗಿದ್ದೆ. ಈಗಲೂ ಹೋಗುತ್ತೇನೆ.

ಅಫುವಾ ಅವರೇ, ಅಂದು ನಾನು ಸುಳ್ಳು ಹೇಳಿದೆ. ಖಾಲಿ ಬಾಗಿಲು ಮೂರನೆಯ ದಿನವೇ ನನಗೆ ಕಂಡಿತ್ತು. ನಿಮ್ಮ ಅರ್ಧ ದಿನದ ವ್ಯಾಪಾರವನ್ನು ಹತ್ತು ತಿಂಗಳು ಕೆಡಿಸಿದೆ, ನನ್ನದನ್ನೂ ಕೆಡಿಸಿಕೊಂಡೆ. ತಪ್ಪಾಯಿತು, ಸಂಘ ದಂಡ ಹಾಕಲಿ, ಕಟ್ಟುತ್ತೇನೆ.

ಹಿಂದಿನ ಸಾಲಿನವರು ಧಾರಾಳವಾಗಿ ನಗಬಹುದು. ಆದರೆ ತಕೋರಾಡಿಗೆ ದಿನವೂ ಬಸ್ಸಿದೆ. ಈ ಸಲ ಯಾವ ನೆಪವನ್ನೂ ಹೂಡುವುದಿಲ್ಲ. ಬರಲೇ ಎಂದು ನೇರವಾಗಿಯೇ ಕೇಳುತ್ತಿದ್ದೇನೆ. ಉತ್ತರ ಈಗಲೇ ಬೇಡ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಇಷ್ಟನ್ನೂ ಕೇಳಿಸಿಕೊಂಡ ನಿಮಗೆಲ್ಲ ಋಣಿಯಾಗಿದ್ದೇನೆ. ನಮಸ್ಕಾರ.