ಏಳನೇ ಸ್ವಿಚ್ಚು

ನಗಬೇಡಿ, ಇದು ಕಟ್ಟುಕತೆ ಅಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಅಣ್ಣ ಸಬ್‌ಸ್ಟೇಷನ್ನಿನಲ್ಲಿ ಆಪರೇಟರು. ಕಾಂಪೌಂಡಿನ ಹಿಂದಿನ ಬೀದಿಯಲ್ಲೇ ಅವನ ಅಕ್ಕನ ಮನೆ. ಭಾವ ಲೈನ್‌ಮನ್ನು.

ಅಲ್ಲೊಂದು ಕಟ್ಟುನಿಟ್ಟು. ಕಂಬ ಹತ್ತಿದವನು ಇಳಿದ ಮೇಲೆ ತಾನೇ ಫೋನ್ ಮಾಡಿ, ತನ್ನ ಬಾಯಿಂದಲೇ "ಇಳಿದೆ" ಅನ್ನಬೇಕು. ಅದನ್ನು ಪುಸ್ತಕದಲ್ಲಿ ಬರೆದುಕೊಂಡೇ ಕರೆಂಟು ಬಿಡೋದು.

ಆವತ್ತು ಸಂಜೆ ಭಾವ ಹತ್ತಿ ಎರಡು ಗಂಟೆಯಾಗಿತ್ತು. ಬೀದಿಯೆಲ್ಲ ಕತ್ತಲು. ಗೇಟಿನ ಹತ್ತಿರ ಜನ ಬಾಯಿಗೆ ಬಂದಂತೆ ಬೈತಿದ್ದರು. ಫೋನ್ ಬಂತು... ಭಾವನದಲ್ಲ. ಜೊತೆಗಿದ್ದ ಇನ್ನೊಬ್ಬ, ಎಲ್ಲಾ ಮುಗೀತು ಬಿಡಿ ಅಂದ. ಅಣ್ಣನಿಗೂ ತಲೆ ಕೆಟ್ಟಿತ್ತು. ಆ ಬೀದಿಗೆ ಕರೆಂಟು ಬಿಡೋ ಏಳನೇ ಸ್ವಿಚ್ಚು ಹಾಕಿಬಿಟ್ಟ. ಬೀದಿ "ಹೋ" ಅಂತ ಕೂಗಿತು. ಭಾವ ಮೇಲೇ ಇದ್ದ.

ಕೆಲಸ ಹೋಗುತ್ತೆ ಅಂತ ಅಣ್ಣ ಪುಸ್ತಕದಲ್ಲಿ ಸುಳ್ಳು ಬರೆದ, "ಅವನೇ ಹೇಳಿದ" ಅಂತ. ಇನ್ನೇನು, ಇಳಿದೆ ಅಂದವನು ಕುಡಿದು ಮತ್ತೆ ಹತ್ತಿದ್ದ ಅಂತ ಬೀದಿ ಆಡಿಕೊಂಡಿತು. ಹನಿ ಮುಟ್ಟದ ಮನುಷ್ಯ ಅವನು! ಅಕ್ಕ ತಲೆ ಎತ್ತಿ ಓಡಾಡದ ಹಾಗಾಯ್ತು.

ತಿಂಗಳಾದ ಮೇಲೆ ಒಂದು ರಾತ್ರಿ ಅದೇ ಸ್ವಿಚ್ಚು ತಾನಾಗೇ ಬಿತ್ತು, ಬೀದಿ ಕತ್ತಲಾಯ್ತು. ಅಣ್ಣ ಒಬ್ಬನೇ. ಹಿಡಿಗೆ ಕೈ ಹಾಕಿದ್ದೇ ತಡ, ಫೋನು. ಟ್ರಿಣ್... ಟ್ರಿಣ್... ಎತ್ತಿದ. ಮೊದಲು ಗುಂಯ್ ಅನ್ನೋ ಸದ್ದು. ಆಮೇಲೆ ಕಬ್ಬಿಣಕ್ಕೆ ಕಟಿಂಗ್ ಪ್ಲೇಯರು ತಾಗಿದ ಟಣ್... ಟಣ್... ಆಮೇಲೆ ಪಿಸುಮಾತು.

"ನಾನಿನ್ನೂ ಇಳಿದಿಲ್ಲ ಕಣೋ."

ಅಣ್ಣ ಫೋನು ಕೈಬಿಟ್ಟ. ಸ್ವಿಚ್ಚು ಹಾಗೇ ಬಿಟ್ಟು, ಬಾಗಿಲಿಗೆ ಬೀಗ ಜಡಿದು, ಗೋಡೆ ಹಿಡಿದುಕೊಂಡೇ ಅಕ್ಕನ ಮನೆಗೆ ಹೋದ. ಅಕ್ಕ ಮೇಣದಬತ್ತಿ ಹಚ್ಚಿಕೊಂಡು ಕಿಟಕಿ ಪಕ್ಕ ಕೂತಿದ್ದಳು. ಆಚೆ ಅದೇ ಕಂಬ.

"ಅಕ್ಕಾ... ಆವತ್ತು ಫೋನಲ್ಲಿ ಮಾತಾಡಿದ್ದು ಭಾವ ಅಲ್ಲ."

ಅಕ್ಕ ಅವನ ಕಡೆ ತಿರುಗಲೇ ಇಲ್ಲ. "ಗೊತ್ತು. ದಿನಾ ಅವರನ್ನ ಊಟಕ್ಕೆ ಕರೀತೀನಿ. 'ನಿನ್ನ ತಮ್ಮ ಬಾಯಿಬಿಡಲಿ, ಆಮೇಲೆ ಇಳೀತೀನಿ' ಅಂತಾರೆ."

ಆಚೆ ಕಂಬದಲ್ಲಿ ಬೂಟಿನ ಸದ್ದು. ಟಕ್... ಟಕ್... ಮೇಲಿಂದ ಕೆಳಕ್ಕೆ. ಕೊನೆಗೆ ಮಣ್ಣಿಗೆ ಧಪ್ ಅಂತು. ಮನೆಯ ದೀಪ ಹತ್ತಿಕೊಂಡಿತು.

ಬೆಳಿಗ್ಗೆ ಅಣ್ಣ ಸಾಹೇಬರಿಗೆ ನಿಜ ಬರೆದುಕೊಟ್ಟ. ಕೆಲಸ ಹೋಯ್ತು. ಅಕ್ಕ ಇವತ್ತಿಗೂ ಅವನ ಮುಖ ನೋಡಲ್ಲ. ನೋಡು ಅಂತ ಹೇಳೋಕೆ ನಮಗೂ ಬಾಯಿ ಬರಲ್ಲ.

ಆ ರಾತ್ರಿ ಅವನು ವಾಪಸ್ ಹೋದಾಗ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತಂತೆ. ಒಳಗೆ ಬಿದ್ದಿದ್ದ ಸ್ವಿಚ್ಚು ಯಾರೋ ಹಾಕಿದ ಹಾಗೆ ಮೇಲಿತ್ತು. ಪುಸ್ತಕ ತೆರೆದಿತ್ತು. ಅದನ್ನು ನಾನೇ ಕಣ್ಣಾರೆ ನೋಡಿದ್ದೀನಿ, ಬೇಕಾದರೆ ಆಣೆ ಮಾಡ್ತೀನಿ. ಆ ರಾತ್ರಿ ಅಕ್ಕನ ಮನೆ ದೀಪ ಹತ್ತಿದ ಹೊತ್ತು, ಎಂಟು ಗಂಟೆ ಹತ್ತು ನಿಮಿಷದ ಮುಂದೆ, ಭಾವನ ಕೈಬರಹದಲ್ಲಿ, ಒಂದೇ ಪದ. ಇಳಿದೆ.